ಇಂಜಿನ್ ಬಿಸಿ ಆಯ್ತಾ? ಬೋರ್ ನೀರು ಸುರಿಯೋ ಮುಂಚೆ ಇದನ್ನ ಓದ್ರಿ

ಸಿಂಧನೂರು: ಬೇಸಿಗೆ ಬಂತು ಅಂದ್ರೆ ಮಾನ್ವಿ–ಸಿಂಧನೂರು ರಸ್ತೆ ಮೇಲೆ ಈ ನೋಟ ಹೊಸದೇನಲ್ಲ. ಪೋತ್ನಾಳದ ಆಚೀಚೆ ಎಲ್ಲೋ ಒಂದು ಬೇವಿನ ಮರ. ಅದರ ಅರೆನೆರಳಲ್ಲಿ ಬಾನೆಟ್ ಎತ್ತಿ ನಿಂತ ಹಳೆ ಕಾರು, ಒಳಗಿಂದ ಬುಸುಬುಸು ಹಬೆ. ಹಿಂದಿನ ಸೀಟಿನಲ್ಲಿ ಕಿರಾಣಿ ಸಾಮಾನಿನ ಡಬ್ಬಿ, ಮದುವೆ ಬಟ್ಟೆ ಗಂಟು. ಪಕ್ಕದ ಚಹಾದಂಗಡಿಯಿಂದ ಯಾರೋ ಒಬ್ಬರು ಬಕೆಟ್ ತುಂಬಾ ಬೋರ್ ನೀರು ತಂದು ಕೊಡುತ್ತಾರೆ. "ಸುರೀರಿ ಅಣ್ಣಾ, ತಣ್ಣಗ ಆಗ್ತದ."

ಸುರಿದರೆ ತಣ್ಣಗೂ ಆಗುತ್ತದೆ, ಗಾಡಿ ಊರಿಗೂ ಮುಟ್ಟುತ್ತದೆ. ತೊಂದರೆ ಇರುವುದೇ ಅಲ್ಲಿ. ಊರು ಮುಟ್ಟಿದ ಮೇಲೆ ಗಾಡಿ ಯಾಕೆ ಬಿಸಿ ಆಯ್ತು ಅಂತ ಕೇಳುವವರು ಕಡಿಮೆ. ಮುಂದಿನ ವಾರ ಮತ್ತೊಂದು ಮರ, ಮತ್ತೊಂದು ಬಕೆಟ್. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಗಾಡಿ ಗ್ಯಾರೇಜಿಗೆ ಹಗ್ಗ ಕಟ್ಟಿಸಿಕೊಂಡು ಹೋಗುತ್ತದೆ. ಮಿಸ್ತ್ರಿ ಇಂಜಿನ್ ಹೆಡ್ ಬಿಚ್ಚುತ್ತಾನೆ. ಕೆಲವು ನೂರು ರೂಪಾಯಿಯಲ್ಲಿ ಮುಗಿಯಬೇಕಿದ್ದ ಕೆಲಸ ಹತ್ತು ಸಾವಿರ ದಾಟಿರುತ್ತದೆ. ಅಂಗಡಿ ಸಾಮಾನು ತರುವ ಗಾಡಿ ಅದೇ ಆಗಿದ್ದರೆ ವಾರಗಟ್ಟಲೆ ಬಾಡಿಗೆ ಗಾಡಿ ಖರ್ಚು ಬೇರೆ.

ಇಂಜಿನ್ ಬಿಸಿ ಆಗುವುದಕ್ಕೆ ಬಿಸಿಲೊಂದೇ ಕಾರಣ ಅಂದುಕೊಳ್ಳುವುದು ತಪ್ಪು. ರಾಯಚೂರು ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಪ್ರತಿ ವರ್ಷದ ಮಾತು. ಸರಿಯಾಗಿರುವ ಗಾಡಿ ಆ ಬಿಸಿಲಲ್ಲೂ ಎಸಿ ಹಾಕಿಕೊಂಡು ಓಡುತ್ತದೆ. ಒಳಗೆ ಏನೋ ಕೆಟ್ಟಿರುತ್ತದೆ, ಬಿಸಿಲು ಅದನ್ನ ತೋರಿಸಿಕೊಡುತ್ತದೆ ಅಷ್ಟೇ.

ಒಳಗೆ ನಡೆಯೋದು ಏನು?

ಇಂಜಿನ್ ಒಳಗೆ ಡೀಸೆಲ್ ಅಥವಾ ಪೆಟ್ರೋಲ್ ಸುಡುವಾಗ ಆ ಕ್ಷಣದ ಬಿಸಿ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸುಟ್ಟ ಇಂಧನದ ಶಾಖದಲ್ಲಿ ಗಾಡಿ ಓಡಿಸಲು ಸಿಗುವುದು ಸುಮಾರು ಮೂರನೇ ಒಂದು ಪಾಲು. ಹೆಚ್ಚುಕಡಿಮೆ ಇನ್ನೊಂದು ಪಾಲು ಸೈಲೆನ್ಸರ್ ಮೂಲಕ ಹೊಗೆ ಜೊತೆ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ಹೊರಗೆ ಹಾಕುವ ಕೆಲಸ ನೀರಿನದ್ದು, ಅಂದರೆ ಕೂಲೆಂಟ್‌ನದ್ದು.

ಕೂಲೆಂಟ್ ಇಂಜಿನ್ ಒಳಗಿನ ಸಂದಿಗಳಲ್ಲಿ ಸುತ್ತಿ ಬಿಸಿ ಎಳೆದುಕೊಂಡು ಮುಂದಿನ ರೇಡಿಯೇಟರ್‌ಗೆ ಬರುತ್ತದೆ. ಅಲ್ಲಿ ತೆಳ್ಳನೆ ಕೊಳವೆಗಳಲ್ಲಿ ಇಳಿಯುವಾಗ ಗಾಳಿ ತಾಗಿ ತಣ್ಣಗಾಗಿ ಮತ್ತೆ ಇಂಜಿನ್‌ಗೆ ವಾಪಸ್. ತಿರುಗಿಸುವುದು ವಾಟರ್ ಪಂಪ್. ಗಾಡಿ ಓಡುವಾಗ ಗಾಳಿ ತಾನೇ ನುಗ್ಗುತ್ತದೆ, ನಿಂತಾಗ ಫ್ಯಾನ್ ಎಳೆದುಕೊಡಬೇಕು. ಇಂಜಿನ್‌ಗೂ ರೇಡಿಯೇಟರ್‌ಗೂ ನಡುವೆ ಥರ್ಮೋಸ್ಟಾಟ್ ಅಂತ ಒಂದು ಸಣ್ಣ ಬಾಗಿಲು ಇರುತ್ತದೆ. ಇಂಜಿನ್ ತಣ್ಣಗಿರುವಾಗ ಮುಚ್ಚಿರುತ್ತದೆ, ಹೆಚ್ಚಿನ ಗಾಡಿಗಳಲ್ಲಿ 82ರಿಂದ 88 ಡಿಗ್ರಿ ಆಸುಪಾಸಿಗೆ ತೆರೆಯಲು ಶುರುಮಾಡುತ್ತದೆ.

ಇನ್ನು ರೇಡಿಯೇಟರ್ ಕ್ಯಾಪ್. ಇದನ್ನ ಬರೀ ಮುಚ್ಚಳ ಅಂದುಕೊಂಡವರೇ ಹೆಚ್ಚು. ಅಡುಗೆಮನೆಯ ಕುಕ್ಕರ್ ಮೇಲಿನ ವೇಟ್ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಒಳಗೆ ಸುಮಾರು ಒಂದು ಬಾರ್ ಒತ್ತಡ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 120ರ ಹತ್ತಿರ ಹೋಗಬೇಕು. ಕ್ಯಾಪ್‌ನ ರಬ್ಬರ್ ಹರಿದು ಒತ್ತಡ ನಿಲ್ಲದಿದ್ದರೆ ಉಳಿದೆಲ್ಲ ಸರಿ ಇದ್ದರೂ ನೀರು ಬೇಗ ಕುದಿದು ಹೊರಗೆ ಉಕ್ಕುತ್ತದೆ. ಸಾಮಾನ್ಯ ಗಾಡಿಗಳಿಗೆ ಈ ಕ್ಯಾಪ್ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುವ ಅಗ್ಗದ ಸಾಮಾನುಗಳಲ್ಲೊಂದು. ತಗೊಳ್ಳುವಾಗ ಹಳೆ ಕ್ಯಾಪ್ ಮೇಲಿನ ಒತ್ತಡದ ಅಂಕಿ (0.9, 1.1 ಅಂತ ಇರುತ್ತದೆ) ನೋಡಿ ಅದೇ ಅಂಕಿಯದ್ದು ಕೇಳಬೇಕು.

ರಸ್ತೆ ಮೇಲೆ ಮುಳ್ಳು ಮೇಲೆ ಹೋದ್ರೆ

ಮೊದಲು ಎಸಿ ಆಫ್. ಆಮೇಲೆ ಕೇಳೋಕೆ ವಿಚಿತ್ರ ಅನಿಸುವ ಒಂದು ಕೆಲಸ: ಹೀಟರ್ ಇದ್ದರೆ ಫುಲ್ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಬೇಕು, ಕಿಟಕಿ ಇಳಿಸಬೇಕು. 42 ಡಿಗ್ರಿ ಬಿಸಿಲಲ್ಲಿ ಹೀಟರ್ ಹಾಕು ಅಂದರೆ ಹೆಂಡತಿ ಮಕ್ಕಳು ಬೈಯುತ್ತಾರೆ, ಬೈಯಲಿ. ಹೀಟರ್ ಒಳಗೆ ಇರುವುದೂ ಒಂದು ಸಣ್ಣ ರೇಡಿಯೇಟರ್ರೇ. ಇಂಜಿನ್ ಬಿಸಿಯ ಒಂದಿಷ್ಟು ಭಾಗ ಆ ದಾರಿಯಿಂದ ಹೊರಗೆ ಬರುತ್ತದೆ, ಪಕ್ಕಕ್ಕೆ ನಿಲ್ಲಿಸುವಷ್ಟು ಸಮಯ ಸಿಗುತ್ತದೆ.

ಹಬೆ ಕಂಡರೆ, ಕೆಂಪು ದೀಪ ಹತ್ತಿದರೆ ಮಾತ್ರ "ಇನ್ನೊಂದು ಎರಡು ಕಿಲೋಮೀಟರ್, ಊರು ಬಂದೇಬಿಡ್ತು" ಅನ್ನುವ ಲೆಕ್ಕ ಬೇಡ. ಪಕ್ಕಕ್ಕೆ ತಗೊಂಡು ಇಂಜಿನ್ ಬಂದ್ ಮಾಡಬೇಕು. ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುವುದು ಆ ಎರಡು ಕಿಲೋಮೀಟರಿನಲ್ಲೇ.

ಇನ್ನೊಂದು ಮೋಸ ಇದೆ. ನೀರು ಪೂರ್ತಿ ಖಾಲಿ ಆದಾಗ ಕೆಲವು ಸಲ ಮುಳ್ಳು ಕೆಳಗೆ ಇಳಿದುಬಿಡುತ್ತದೆ. ಸೆನ್ಸರ್ ನೀರಿನ ಬಿಸಿ ಅಳೆಯುವುದು. ಸುತ್ತ ನೀರೇ ಇಲ್ಲದಿದ್ದರೆ ಅದು ತೋರಿಸುವುದನ್ನ ನಂಬಲು ಆಗುವುದಿಲ್ಲ. "ಬಿಸಿ ಇಳೀತು" ಅಂತ ಮತ್ತೆ ಗಾಡಿ ಓಡಿಸಿದವರು ಇಂಜಿನ್ ಜಾಮ್ ಮಾಡಿಕೊಳ್ಳುತ್ತಾರೆ. ಹೊಸ ಕಾರುಗಳಲ್ಲಿ ಹಲವಕ್ಕೆ ಮುಳ್ಳೇ ಇಲ್ಲ, ದೀಪ ಮಾತ್ರ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ದೀಪ ಹತ್ತಿದರೆ ಇಂಜಿನ್ ಇನ್ನೂ ತಣ್ಣಗಿದೆ ಅಂತ, ಗಾಬರಿ ಬೇಡ. ಕೆಂಪು ಹತ್ತಿದರೆ ಅದೇ ಕೊನೆಯ ಎಚ್ಚರಿಕೆ.

ನಿಲ್ಲಿಸಿದ ಕೂಡಲೇ ಕ್ಯಾಪ್‌ಗೆ ಕೈ ಹಾಕುವುದು ಎಲ್ಲಕ್ಕಿಂತ ಅಪಾಯ. ಸೀಟಿ ಹೊಡೆಯುತ್ತಿರುವ ಕುಕ್ಕರ್ ಮುಚ್ಚಳವನ್ನ ಯಾರಾದರೂ ಎಳೀತಾರಾ? ಇದೂ ಅದೇ. ಕುದಿಯುವ ನೀರು ಮುಖಕ್ಕೆ, ಎದೆಗೆ ಚಿಮ್ಮುತ್ತದೆ. ಕಡಿಮೆ ಅಂದರೂ ಅರ್ಧದಿಂದ ಮುಕ್ಕಾಲು ಗಂಟೆ ಕಾಯಬೇಕು. ಮೇಲಿನ ಹೋಸ್ ಪೈಪನ್ನ ಬಟ್ಟೆ ಹಿಡಿದು ಒತ್ತಿ ನೋಡಿ. ಗಟ್ಟಿ ಇದ್ದರೆ ಒಳಗೆ ಇನ್ನೂ ಒತ್ತಡ ಇದೆ. ಮೆತ್ತಗಾದ ಮೇಲೆ ದಪ್ಪ ಟವೆಲ್ ಹಾಕಿ ಕ್ಯಾಪನ್ನ ಸ್ವಲ್ಪ ಮಾತ್ರ ತಿರುಗಿಸಿ ಗಾಳಿ ಬಿಟ್ಟು, ಆಮೇಲೆ ತೆಗೆಯಬೇಕು. ಬಿಸಿ ಇಂಜಿನ್‌ಗೆ ತಣ್ಣೀರು ಸುರಿಯುವುದೂ ಬೇಡ. ಕಾದ ಕಾವಲಿಗೆ ನೀರು ಚೆಲ್ಲಿದ ಹಾಗೆ, ಹೆಡ್ ಅಥವಾ ಬ್ಲಾಕ್ ಬಿರುಕು ಬಿಡಬಹುದು.

ಕೈ ಹಾಕುವಾಗ ಫ್ಯಾನ್ ಕಡೆ ಗಮನ ಇರಲಿ. ಕರೆಂಟಿನ ಫ್ಯಾನ್ ಹಲವು ಕಾರುಗಳಲ್ಲಿ ಇಂಜಿನ್ ಬಂದ್ ಆದಮೇಲೂ ತಾನಾಗಿ ತಿರುಗುತ್ತದೆ.

ನಿಂತಾಗ ಬಿಸಿಯೋ, ಓಡುವಾಗ ಬಿಸಿಯೋ?

ಗ್ಯಾರೇಜಿಗೆ ಹೋಗುವ ಮುಂಚೆ ಗಾಡಿ ಮಾಲೀಕರು ತಮ್ಮನ್ನ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಅರ್ಧ ರೋಗ ಇಲ್ಲೇ ಗೊತ್ತಾಗುತ್ತದೆ. ಹೇಳದಿದ್ದರೆ ಮಿಸ್ತ್ರಿ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋಗುತ್ತಾನೆ, ಬಿಲ್ ಬೆಳೆಯುತ್ತದೆ.

ಸಂತೆ ದಿನದ ಜನಜಂಗುಳಿಯಲ್ಲಿ, ಭತ್ತದ ಟ್ರ್ಯಾಕ್ಟರ್ ಹಿಂದೆ ನಿಧಾನಕ್ಕೆ ಹೋಗುವಾಗ ಬಿಸಿ ಏರಿ, ರಸ್ತೆ ಖಾಲಿ ಸಿಕ್ಕು 60ರ ವೇಗದಲ್ಲಿ ಹೋದಾಗ ಇಳಿಯುತ್ತದೆ ಅಂದರೆ ದೋಷ ಗಾಳಿಯದ್ದು. ಮೊದಲು ಫ್ಯಾನ್ ನೋಡಬೇಕು. ಎಸಿ ಇರುವ ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದ ತಕ್ಷಣ ರೇಡಿಯೇಟರ್ ಮುಂದಿನ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ಆಮೇಲೆ ರಿಲೇ, ಕೊನೆಗೆ ಮೋಟರ್. ಫ್ಯೂಸ್ ಬಾಕ್ಸಿನಲ್ಲಿ ಹಾರ್ನ್‌ಗೂ ಅದೇ ನಂಬರಿನ ರಿಲೇ ಇದ್ದರೆ ಅದಲುಬದಲು ಮಾಡಿ ನೋಡಿದರೆ ಸಾಕು, ಒಂದು ಪೈಸೆ ಖರ್ಚಿಲ್ಲದೆ ರಿಲೇ ಸರಿ ಇದೆಯೋ ಇಲ್ಲವೋ ತಿಳಿಯುತ್ತದೆ. ಹಳೆ ಜೀಪು, ಟ್ರ್ಯಾಕ್ಟರ್‌ಗಳಲ್ಲಿ ಫ್ಯಾನ್ ತಿರುಗುವುದು ಬೆಲ್ಟ್‌ನಿಂದ. ಅಲ್ಲಿ ಬೆಲ್ಟ್ ಸಡಿಲ ಆಗಿದೆಯಾ, ಅಂಚು ಸವೆದು ಹೊಳೆಯುತ್ತಿದೆಯಾ ನೋಡಬೇಕು.

ಫ್ಯಾನ್ ಸರಿ ಇದ್ದರೆ ಮುಂದಿನದು ಜಾಲರಿ. ಇದು ನಮ್ಮ ಕಡೆಯ ವಿಶೇಷ ಕಾಯಿಲೆ ಅಂದರೂ ನಡೆಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಊರುಗಳಲ್ಲಿ ಭತ್ತ ಕೊಯ್ಲು ಶುರುವಾದರೆ ಗಾಳಿ ತುಂಬಾ ಹೊಟ್ಟು, ಧೂಳು. ಹತ್ತಿ ಸೀಸನ್ನಿನಲ್ಲಿ ಹತ್ತಿ ಎಳೆ. ಎಲ್ಲ ಬಂದು ಕೂರುವುದು ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಸ್ವಚ್ಛ ಕಾಣುತ್ತದೆ, ಹಿಂದೆ ರೇಡಿಯೇಟರ್ ಮೇಲೆ ಕಂಬಳಿ ಹೊದಿಸಿದ ಹಾಗೆ ಕಸ ಕೂತಿರುತ್ತದೆ. ಭತ್ತ ಕಟಾವು ಮಷಿನ್ ಓಡಿಸುವವರಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿಲ್ಲ, ಜಾಲರಿ ಝಾಡಿಸದೆ ಅವರ ಮಷಿನ್ ದಿನ ದೂಡುವುದಿಲ್ಲ. ಕಾರಿನವರು ಮಾತ್ರ ನೋಡುವುದೇ ಇಲ್ಲ. ಕ್ಲೀನ್ ಮಾಡುವಾಗ ಇಂಜಿನ್ ಕಡೆಯಿಂದ ಹೊರಗಡೆಗೆ ಗಾಳಿ ಅಥವಾ ಮೆಲ್ಲನೆ ನೀರು ಬಿಡಬೇಕು. ವಾಟರ್ ಸರ್ವಿಸಿನವರ ಪ್ರೆಶರ್ ಗನ್ ಹತ್ತಿರ ಹಿಡಿದರೆ ತೆಳ್ಳನೆ ರೆಕ್ಕೆಗಳೆಲ್ಲ ಮಡಚಿ, ಗಾಳಿ ದಾರಿ ಇನ್ನೂ ಮುಚ್ಚಿಹೋಗುತ್ತದೆ.

ಇದಕ್ಕೆ ತದ್ವಿರುದ್ಧ, ನಿಂತಾಗ ಸರಿ ಇದ್ದು, ಲೋಡ್ ಹಾಕಿ ಓಡಿಸಿದಾಗ ಬಿಸಿ ಏರಿದರೆ ದೋಷ ನೀರಿನ ಹರಿವಿನದ್ದು. ನೀರು ಸಾಕಷ್ಟು ಇಲ್ಲ, ಇಲ್ಲವೇ ತಿರುಗುತ್ತಿಲ್ಲ, ಇಲ್ಲವೇ ರೇಡಿಯೇಟರ್ ಒಳಗೇ ಕಟ್ಟಿಕೊಂಡಿದೆ.

ಸ್ಟಾರ್ಟ್ ಮಾಡಿ ಐದತ್ತು ನಿಮಿಷಕ್ಕೇ ಮುಳ್ಳು ಮೇಲಕ್ಕೆ ಏರಿ, ಇಂಜಿನ್‌ನಿಂದ ರೇಡಿಯೇಟರ್‌ಗೆ ಬರುವ ಪೈಪ್ ಇನ್ನೂ ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ತೆರೆಯುತ್ತಿಲ್ಲ ಅನ್ನುವ ಅನುಮಾನ ಬಲವಾಗುತ್ತದೆ. ಇದನ್ನ ಬಿಚ್ಚಿ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಹಳೆ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಥರ್ಮೋಸ್ಟಾಟ್ ಇಳಿಬಿಟ್ಟು ಒಲೆ ಹಚ್ಚಬೇಕು. ನೀರು ಕುದಿ ಬರುವುದರೊಳಗೆ ಅದರ ಬಾಯಿ ತೆರೆದಿರಬೇಕು. ಕುದ್ದರೂ ತೆರೆಯದಿದ್ದರೆ ಅದು ಸತ್ತಿದೆ.

ಇಲ್ಲಿ ಹಲವು ಗ್ಯಾರೇಜ್‌ಗಳಲ್ಲಿ ನಡೆಯುವ ಒಂದು ಪದ್ಧತಿ ಬಗ್ಗೆ ಹೇಳಲೇಬೇಕು. "ನಮ್ಮ ಬಿಸಿಲಿಗೆ ಇದು ಬ್ಯಾಡ್ರಿ" ಅಂತ ಥರ್ಮೋಸ್ಟಾಟ್ ಕಿತ್ತು ಎಸೆಯುವುದು. ಆಮೇಲೆ ಮುಳ್ಳು ಮೇಲೇರುವುದಿಲ್ಲ, ಗಿರಾಕಿಗೂ ಖುಷಿ. ಆದರೆ ಇಂಜಿನ್ ತನಗೆ ಬೇಕಾದ ಬಿಸಿಗೆ ಬರುವುದೇ ತಡವಾಗಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ಒಳಗೆ ಸವೆತ ಜಾಸ್ತಿ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗ ಅಡ್ಡದಾರಿಯ ಪೈಪನ್ನ ಮುಚ್ಚುತ್ತದೆ. ಅದನ್ನ ಕಿತ್ತರೆ ನೀರು ರೇಡಿಯೇಟರ್‌ಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ, ಲೋಡ್ ಬಿದ್ದಾಗ ಮೊದಲಿಗಿಂತ ಹೆಚ್ಚು ಬಿಸಿ ಆಗುವುದೂ ಉಂಟು. ಕೆಟ್ಟಿದ್ದರೆ ಹೊಸದು ಹಾಕಿಸಿ, ಕಿತ್ತು ಹಾಕಿಸಬೇಡಿ.

ವಾಟರ್ ಪಂಪ್ ಕೆಡುವ ಮುಂಚೆ ಸಾಮಾನ್ಯವಾಗಿ ಹೇಳಿಯೇ ಕೆಡುತ್ತದೆ. ಬೇರಿಂಗ್ ಕಿರಗುಟ್ಟುತ್ತದೆ, ಪುಲ್ಲಿ ಹಿಡಿದು ಅಲ್ಲಾಡಿಸಿದರೆ ಆಡುತ್ತದೆ. ಪಂಪ್ ಕೆಳಗೆ ಒಂದು ಸಣ್ಣ ತೂತು ಇರುತ್ತದೆ, ಅಲ್ಲಿಂದ ಹನಿ ಬೀಳುವುದು ಅಥವಾ ಒಣಗಿದ ಬಣ್ಣದ ಕಲೆ ಕಾಣುವುದು ಅಂದರೆ ಒಳಗಿನ ಸೀಲ್ ಹೋಗಿದೆ. ಕೆಲವು ಗಾಡಿಗಳಲ್ಲಿ ಪಂಪ್ ತಿರುಗುವುದು ಟೈಮಿಂಗ್ ಬೆಲ್ಟ್‌ನಿಂದಲೇ. ಅಂಥ ಗಾಡಿಗೆ ಟೈಮಿಂಗ್ ಬೆಲ್ಟ್ ಬದಲಿಸುವ ದಿನವೇ ಪಂಪನ್ನೂ ನೋಡಿಸಿದರೆ ಎರಡು ಸಲ ಮಜೂರಿ ಕೊಡುವುದು ತಪ್ಪುತ್ತದೆ.

ಸೋರಿಕೆ ಹುಡುಕುವುದು ಬೆಳಿಗ್ಗೆ. ರಾತ್ರಿ ಗಾಡಿ ಕೆಳಗೆ ಹಳೆ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಕಲೆ ಯಾವ ಜಾಗದಲ್ಲಿ ಬಿದ್ದಿದೆ ಅಂತ ಕಾಣುತ್ತದೆ. ಎಸಿಯಿಂದ ಬೀಳುವುದು ಬರೀ ನೀರು, ಬಣ್ಣ ಇರುವುದಿಲ್ಲ. ಹಸಿರು, ಕೆಂಪು, ಕಿತ್ತಳೆ ಬಣ್ಣ, ಮುಟ್ಟಿದರೆ ಜಾರುವ ಹಾಗಿದ್ದರೆ ಅದು ಕೂಲೆಂಟ್. ಲಾರಿಯವರು ಕಂಡುಕೊಂಡ ಹಳೆ ಉಪಾಯ ಒಂದಿದೆ: ಸೋರುವ ರೇಡಿಯೇಟರ್‌ಗೆ ಒಂದು ಹಿಡಿ ಅರಿಶಿನ ಪುಡಿ. ಸಣ್ಣ ತೂತು ನಿಲ್ಲುತ್ತದೆ, ಸುಳ್ಳಲ್ಲ. ರಾತ್ರಿ ಹೊತ್ತು ನಡುದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಅದು ದೇವರೇ. ಆದರೆ ತೂತು ಮುಚ್ಚುವ ಪುಡಿ ರೇಡಿಯೇಟರ್‌ನ ಕೊಳವೆಗಳನ್ನೂ ಮುಚ್ಚುತ್ತದೆ. ಊರು ಸೇರಿದ ಮೇಲೆ ತೊಳೆಸಿ ಸೋರಿಕೆ ಸರಿ ಮಾಡಿಸದಿದ್ದರೆ ಮುಂದಿನ ತಿಂಗಳ ರೋಗಕ್ಕೆ ಬೀಜ ಬಿತ್ತಿದಂತೆ.

ಬೋರ್ ನೀರಿನ ಲೆಕ್ಕ

ಇಷ್ಟೆಲ್ಲ ಇದ್ದರೂ ನಮ್ಮ ತಾಲೂಕುಗಳಲ್ಲಿ ರೇಡಿಯೇಟರ್ ಸಾಯುವುದಕ್ಕೆ ದೊಡ್ಡ ಕಾರಣ ಬಕೆಟ್‌ನಲ್ಲಿರುವ ನೀರೇ. ಸವಳು ನೀರು ಅಂದರೆ ಏನು ಅಂತ ಇಲ್ಲಿನ ಹೆಣ್ಣುಮಕ್ಕಳಿಗೆ ಕೇಳಿದರೆ ಗೊತ್ತು. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ನೀರು ಕಾಯಿಸುವ ಕಾಯಿಲ್ ಮೇಲೆ ಆರು ತಿಂಗಳಿಗೆ ಸುಣ್ಣದಂಥ ಬಿಳಿ ಪದರ. ಬಕೆಟ್‌ನಲ್ಲಿ ಮುಳುಗಿಸುವ ಆ ಕಾಯಿಲ್‌ಗೆ ಆದದ್ದೇ ಇಂಜಿನ್ ಒಳಗೂ ಆಗುತ್ತದೆ.

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಒಪ್ಪಬಹುದಾದ ಮಿತಿ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. 600 ಇರುವ ಬೋರ್ ನೀರನ್ನ ಐದು ಲೀಟರ್ ಹಿಡಿಯುವ ಗಾಡಿಗೆ ಒಂದು ಸಲ ತುಂಬಿದರೆ ಒಳಗೆ ಹೋಗುವುದು 3 ಗ್ರಾಂ. ಅಷ್ಟಕ್ಕೇ ಗಾಡಿ ಕೆಡುವುದಿಲ್ಲ, ಹಾಗಾಗಿ "ನಾನು ಹಾಕೀನಿ, ಏನೂ ಆಗಿಲ್ಲ" ಅನ್ನುವವರ ಮಾತೂ ಸುಳ್ಳಲ್ಲ.

ಕೆಡುವುದು ದಿನಾ ಹಾಕುವುದರಿಂದ. ಸಣ್ಣ ಸೋರಿಕೆ ಇದೆ, ದಿನಾ ಬೆಳಿಗ್ಗೆ ಅರ್ಧ ಲೀಟರ್ ಟಾಪ್ ಅಪ್. ತಿಂಗಳಿಗೆ 15 ಲೀಟರ್, 9 ಗ್ರಾಂ. ವರ್ಷಕ್ಕೆ ನೂರು ಗ್ರಾಂ ದಾಟುತ್ತದೆ. ಅದರಲ್ಲಿ ಒಂದಿಷ್ಟು ಸೋರುವ ನೀರಿನ ಜೊತೆ ಹೊರಗೆ ಹೋಗಬಹುದು, ಆದರೆ ಹಬೆಯಾಗಿ ಹೋದ ನೀರು ಸುಣ್ಣವನ್ನ ಒಳಗೇ ಬಿಟ್ಟು ಹೋಗುತ್ತದೆ. ಈ ಸುಣ್ಣದ ಗುಣ ಇನ್ನೊಂದು ತರ: ಸಕ್ಕರೆ ಬಿಸಿ ನೀರಲ್ಲಿ ಚೆನ್ನಾಗಿ ಕರಗಿದರೆ, ಇದು ನೀರು ಬಿಸಿ ಆದಷ್ಟೂ ಬಿಟ್ಟುಕೊಂಡು ಗಟ್ಟಿಯಾಗುತ್ತದೆ. ಹಾಗಾಗಿ ಪದರ ಮೊದಲು ಕೂರುವುದು ಇಂಜಿನ್‌ನ ಅತಿ ಬಿಸಿ ಜಾಗದಲ್ಲಿ, ಹೆಡ್ ಸುತ್ತಮುತ್ತ. ಬಿಸಿ ದಾಟಿಸುವುದರಲ್ಲಿ ಆ ಪದರ ಅಲ್ಯೂಮಿನಿಯಂಗಿಂತ ಹತ್ತಾರು ಪಟ್ಟು ಕಡಿಮೆ. ನೀರು ತಣ್ಣಗಿದ್ದರೂ ಲೋಹದ ಬಿಸಿ ಅದನ್ನ ಮುಟ್ಟುವುದಿಲ್ಲ.

ಕಾಲುವೆ ನೀರು ಮೆತ್ತಗೆ, ಅದು ನಡೆಯುತ್ತದೆ ಅನ್ನುವವರಿದ್ದಾರೆ. ಅದರಲ್ಲಿ ಸುಣ್ಣ ಕಡಿಮೆ ಇರಬಹುದು, ಮಣ್ಣು ಇದ್ದೇ ಇದೆ. ತೆಳ್ಳನೆ ಕೊಳವೆಗೆ ಹೂಳು ತುಂಬಿದರೆ ಕಾಲುವೆಯ ಹೂಳು ತೆಗೆದ ಹಾಗೆ ತೆಗೆಯಲು ಬರುವುದಿಲ್ಲ. ಶಕ್ತಿನಗರದ ಆರ್‌ಟಿಪಿಎಸ್ ಕೃಷ್ಣಾ ದಂಡೆ ಮೇಲೇ ಇದೆ. ಎದುರಿಗೇ ನದಿ ಹರಿಯುತ್ತಿದ್ದರೂ ಬಾಯ್ಲರ್‌ಗೆ ಹಾಗೇ ಎತ್ತಿ ಸುರಿಯುವುದಿಲ್ಲ, ಖನಿಜಾಂಶ ತೆಗೆದೇ ಒಳಗೆ ಬಿಡುತ್ತಾರೆ. ಕಾರಣ ಇದೇ ಪದರದ ಭಯ.

ಹಾಗಾದರೆ ದಾರಿಯಲ್ಲಿ ಸಿಕ್ಕಿಬಿದ್ದಾಗ ಏನು ಹಾಕಬೇಕು? ಹಲವು ಊರುಗಳಲ್ಲಿ ಈಗ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬಿಸುವ ಶುದ್ಧ ಕುಡಿಯುವ ನೀರಿನ ಘಟಕ ಇದೆ. ಆ ಆರ್‌ಒ ನೀರಲ್ಲಿ ಸುಣ್ಣ ಬಹಳ ಕಡಿಮೆ. ಚಹಾದಂಗಡಿಯ ಬಕೆಟ್‌ಗಿಂತ ಪಕ್ಕದಲ್ಲೇ ಇರುವ ಆ ಕ್ಯಾನ್ ನೀರು ಕೇಳಿ. ಅದೂ ತಾತ್ಕಾಲಿಕ ಅಷ್ಟೇ. ಬರೀ ನೀರಿನಲ್ಲಿ ತುಕ್ಕು ತಡೆಯುವ ಔಷಧ ಇರುವುದಿಲ್ಲ.

ಈಗಾಗಲೇ ಪದರ ಕಟ್ಟಿದ್ದರೆ ರೇಡಿಯೇಟರ್ ಫ್ಲಶ್ ಅಂತ ಸಿಗುವ ದ್ರಾವಣ ಹಾಕಿ, ಡಬ್ಬಿ ಮೇಲೆ ಬರೆದಷ್ಟು ಹೊತ್ತು ಇಂಜಿನ್ ಓಡಿಸಿ, ನೀರು ತಿಳಿಯಾಗುವ ತನಕ ತೊಳೆಯಬೇಕು. ಪಾಯಿಖಾನೆ ತೊಳೆಯುವ ಆಸಿಡ್ ಹಾಕಿ "ಒಂದೇ ಸಲ ಕ್ಲೀನ್" ಮಾಡಿಸುವುದು ಬೇಡವೇ ಬೇಡ. ಅದು ಸುಣ್ಣದ ಜೊತೆ ಅಲ್ಯೂಮಿನಿಯಮನ್ನೂ ತಿನ್ನುತ್ತದೆ. ಹಳೆಯ ತಾಮ್ರ-ಹಿತ್ತಾಳೆ ರೇಡಿಯೇಟರ್ ಆಗಿದ್ದರೆ ತೊಟ್ಟಿ ಬಿಚ್ಚಿ, ಕೊಳವೆಗಳಿಗೆ ಕಡ್ಡಿ ಹೊಡೆದು, ಮತ್ತೆ ಬೆಸುಗೆ ಹಾಕುವ ಕೈಚಳಕದವರು ಇದ್ದಾರೆ. ಈಗಿನ ಅಲ್ಯೂಮಿನಿಯಂ ಕೋರ್, ಪ್ಲಾಸ್ಟಿಕ್ ತೊಟ್ಟಿಯವು ಪೂರ್ತಿ ಕಟ್ಟಿಕೊಂಡರೆ ಬದಲಿಸುವುದೇ ದಾರಿ.

ಕೂಲೆಂಟ್ ತಗೊಳ್ಳುವಾಗ

"ಇಲ್ಲೇನು ಹಿಮ ಬೀಳ್ತದಾ, ಕೂಲೆಂಟ್ ಯಾಕ?" ಅನ್ನುವ ಮಾತು ಗ್ಯಾರೇಜ್ ಕಟ್ಟೆಯಲ್ಲಿ ಆಗಾಗ ಕೇಳುತ್ತದೆ. ಡಬ್ಬಿ ಮೇಲೆ ಆಂಟಿಫ್ರೀಜ್ ಅಂತ ಬರೆದಿರುವುದು ಇದಕ್ಕೆ ಕಾರಣ. ನಮಗೆ ಬೇಕಾದದ್ದು ಅದರ ಬೇರೆ ಎರಡು ಗುಣ. ಕುದಿಯುವ ಬಿಂದುವನ್ನ ಮೇಲೇರಿಸುತ್ತದೆ, ತುಕ್ಕು ತಡೆದು ಪಂಪಿನ ಸೀಲ್ ಕಾಯುತ್ತದೆ. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು: ಬಿಸಿ ಹೊತ್ತೊಯ್ಯುವುದರಲ್ಲಿ ಬರೀ ನೀರು ಕೂಲೆಂಟ್‌ಗಿಂತ ಸ್ವಲ್ಪ ಮುಂದೆಯೇ. ಆದ್ದರಿಂದ ಹೆಚ್ಚು ಕೂಲೆಂಟ್ ಸುರಿದರೆ ಹೆಚ್ಚು ತಂಪು ಅನ್ನುವುದೂ ತಪ್ಪು. ಗಾಡಿ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಪ್ರಮಾಣವೇ ಸರಿ.

ಅಂಗಡಿಯಲ್ಲಿ ಎರಡು ತರ ಸಿಗುತ್ತದೆ. ಒಂದು ಹಾಗೇ ಹಾಕುವ ರೆಡಿ ಮಿಕ್ಸ್, ಅದಕ್ಕೆ ನೀರು ಬೆರೆಸುವ ಹಾಗಿಲ್ಲ. ಇನ್ನೊಂದು ಗಟ್ಟಿ, ಕಾನ್ಸಂಟ್ರೇಟ್. ಅದಕ್ಕೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಗಟ್ಟಿ ಕೂಲೆಂಟ್ ತಂದು ಬೋರ್ ನೀರು ಬೆರೆಸಿದರೆ ಕೊಟ್ಟ ಕಾಸು ಹೊಳೆಗೆ. ಬಣ್ಣ ನೋಡಿ ತಗೊಳ್ಳುವುದರಲ್ಲಿ ಅರ್ಥವಿಲ್ಲ, ಹಸಿರು ಇರಲಿ ಕೆಂಪಿರಲಿ ಬಣ್ಣ ಹಾಕುವುದು ಕಂಪನಿಯವರ ಇಷ್ಟ. ಲೇಬಲ್ ಮೇಲೆ ಗ್ಲೈಕಾಲ್ ಅಂತ ಇದೆಯಾ, ಐಎಸ್ 5759 ಅಥವಾ ಜೆಐಎಸ್ ಕೆ 2234 ಮಾನದಂಡದ ಹೆಸರಿದೆಯಾ ನೋಡಬೇಕು. ಏನೂ ಬರೆಯದೆ ಬರೀ "ಕೂಲೆಂಟ್" ಅಂತಿರುವ ಅಗ್ಗದ ಕ್ಯಾನ್‌ನಲ್ಲಿ ಬಣ್ಣದ ನೀರಿಗಿಂತ ಹೆಚ್ಚೇನಿದೆ ಅಂತ ತಿಳಿಯುವ ದಾರಿಯೇ ಇಲ್ಲ. ಮಾರುವ ಅಂಗಡಿಯವರೂ ಇದನ್ನ ಗಮನಿಸಿದರೆ ಗಿರಾಕಿ ಜಗಳ ತಪ್ಪುತ್ತದೆ.

ಒಂದು ಎಚ್ಚರ. ಎಥಿಲೀನ್ ಗ್ಲೈಕಾಲ್ ವಿಷ, ಆದರೆ ರುಚಿ ಸಿಹಿ. ಉಳಿದ ಕೂಲೆಂಟನ್ನ ನೀರಿನ ಬಾಟಲಿಗೋ ತಂಪು ಪಾನೀಯದ ಬಾಟಲಿಗೋ ತುಂಬಿ ಅಂಗಡಿ ಮೂಲೆಯಲ್ಲಿ ಇಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಬೇಕು. ಮಕ್ಕಳು ಶರಬತ್ತು ಅಂತ ಕುಡಿದುಬಿಡುತ್ತಾರೆ. ಹಳೆಯದನ್ನ ಗಟಾರಕ್ಕೆ ಚೆಲ್ಲಿದರೆ ಬೀದಿ ನಾಯಿ, ದನ ನೆಕ್ಕಿ ಸಾಯುತ್ತವೆ.

ಹೆಡ್ ಹೋಗಿದೆಯಾ?

ಎಲ್ಲ ನೋಡಿದರೂ ನೀರು ಕಡಿಮೆ ಆಗುತ್ತಲೇ ಇದೆ, ಹೊರಗೆ ಒಂದು ಹನಿ ಸೋರಿಕೆ ಇಲ್ಲ ಅಂದರೆ ನೀರು ಇಂಜಿನ್ ಒಳಗೆ ಹೋಗುತ್ತಿರಬಹುದು. ಹೆಡ್ ಮತ್ತು ಬ್ಲಾಕ್ ನಡುವಿನ ಗ್ಯಾಸ್ಕೆಟ್ ಹೋದ ಗುರುತುಗಳನ್ನ ಮಾಲೀಕರೇ ಹಿಡಿಯಬಹುದು. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹಾಲು ಜಾಸ್ತಿ ಹಾಕಿದ ಚಹಾದಂಥ ಬಣ್ಣದ ಗಸಿ. ಇಂಜಿನ್ ಕಾದ ಮೇಲೂ ಸೈಲೆನ್ಸರ್‌ನಿಂದ ನಿಲ್ಲದ ಬಿಳಿ ಹೊಗೆ. ತಣ್ಣನೆ ಇಂಜಿನ್‌ಗೆ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ರೇಡಿಯೇಟರ್ ಬಾಯಲ್ಲಿ ನಿಲ್ಲದೆ ಏಳುವ ಗುಳ್ಳೆ. ಸ್ಟಾರ್ಟ್ ಮಾಡಿ ಒಂದೆರಡು ನಿಮಿಷಕ್ಕೇ, ನೀರು ಇನ್ನೂ ಕಾಯುವ ಮುಂಚೆ, ಪೈಪ್ ಕಲ್ಲಿನಂತೆ ಗಟ್ಟಿ. ಇದರಲ್ಲಿ ಎರಡು ಕಂಡರೂ ಗಾಡಿ ಓಡಿಸುವುದು ನಿಲ್ಲಿಸಿ. ಆಯಿಲ್ ಜೊತೆ ನೀರು ಬೆರೆತರೆ ಬೇರಿಂಗ್‌ಗಳೂ ಹೋಗುತ್ತವೆ.

ಹೆಡ್ ಬಿಚ್ಚಿದ ಮೇಲೆ ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚುವುದಕ್ಕೆ ಒಪ್ಪಬೇಡಿ. ಒಮ್ಮೆ ಕಾದ ಹೆಡ್ ಸೊಟ್ಟಗಾಗಿದೆಯಾ ಅಂತ ನೇರ ಪಟ್ಟಿ ಇಟ್ಟು ನೋಡಿ, ಬೇಕಿದ್ದರೆ ಲೇತ್‌ನವರ ಹತ್ತಿರ ಫೇಸಿಂಗ್ ಮಾಡಿಸಿ, ಬಿರುಕು ಇದೆಯಾ ಪರೀಕ್ಷೆ ಮಾಡಿಸಬೇಕು. ಸೊಟ್ಟ ಹೆಡ್ ಮೇಲೆ ಹೊಸ ಗ್ಯಾಸ್ಕೆಟ್ ಹೆಚ್ಚು ದಿನ ನಿಲ್ಲುವುದಿಲ್ಲ. ಮೊದಲ ಸಲ ಬಿಸಿ ಆಗಲು ಕಾರಣವಾದ ಫ್ಯಾನ್ ರಿಲೇಯೋ ಕಟ್ಟಿದ ರೇಡಿಯೇಟರೋ ಸರಿಯಾಗಿದೆಯಾ ಅಂತಲೂ ಅದೇ ದಿನ ಕೇಳಿ.

ಕೆಲಸ ಮುಗಿದು ಕೂಲೆಂಟ್ ತುಂಬಿದ ಮೇಲೆ ಅವಸರ ಮಾಡಿದರೆ ಒಳಗೆ ಗಾಳಿ ಗುಳ್ಳೆ ಉಳಿಯುತ್ತದೆ, "ಎಲ್ಲ ಹೊಸದು ಹಾಕಿದರೂ ಮತ್ತೆ ಬಿಸಿ" ಅನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ. ಗಾಡಿಯ ಮುಂಭಾಗ ಸ್ವಲ್ಪ ಎತ್ತರಕ್ಕೆ ನಿಲ್ಲಿಸಿ, ಕ್ಯಾಪ್ ತೆಗೆದು, ಹೀಟರ್ ಬಿಸಿಗೆ ತಿರುಗಿಸಿ, ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಬೇಕು. ಗುಳ್ಳೆ ಬಂದ ಹಾಗೆ ಮಟ್ಟ ಇಳಿಯುತ್ತದೆ, ತುಂಬುತ್ತಾ ಹೋಗಬೇಕು. ಗುಳ್ಳೆ ನಿಂತ ಮೇಲೆ, ನೀರು ಕುದಿ ಹಿಡಿಯುವ ಮುಂಚೆ ಕ್ಯಾಪ್ ಹಾಕಿ, ಫ್ಯಾನ್ ಒಂದೆರಡು ಸಲ ತಿರುಗಿ ನಿಲ್ಲುವ ತನಕ ಗಾಡಿಯನ್ನ ಅಲ್ಲೇ ನಿಲ್ಲಿಸಿ ನೋಡಬೇಕು. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಮತ್ತೊಮ್ಮೆ ಮಟ್ಟ ನೋಡಿ, ರಿಸರ್ವ್ ಬಾಟಲಿಯ ಎರಡು ಗೆರೆಗಳ ನಡುವೆ ಇದ್ದರೆ ಸರಿ. ಹಾಕಿದ ತಾರೀಕನ್ನ ಒಂದು ಸ್ಟಿಕ್ಕರ್ ಮೇಲೆ ಬರೆಸಿ ಬಾನೆಟ್ ಒಳಗೆ ಅಂಟಿಸಿ. ಹಳೆ ಮಾದರಿಯ ಹಸಿರು ಕೂಲೆಂಟ್ ಸಾಮಾನ್ಯವಾಗಿ ಎರಡು ವರ್ಷಕ್ಕೆ ಬದಲಿಸಬೇಕು, ಲಾಂಗ್ ಲೈಫ್ ಅನ್ನುವವು ಐದು ವರ್ಷದ ತನಕ ಬರುತ್ತವೆ.